ಕಣ್ಣಿನ ಒತ್ತಡ ನಾರ್ಮಲ್ ಇದ್ದರೆ ಗ್ಲಾಕೋಮಾ ಇಲ್ಲವೇ?

ಪ್ರಶ್ನೆ: ನನಗೆ 46 ವರ್ಷ, ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ. ತಾಯಿಗೆ ಗ್ಲಾಕೋಮಾದಿಂದ ಎಡಗಣ್ಣು ಹೋಗಿದೆ. ಕನ್ನಡಕದ ಅಂಗಡಿಯಲ್ಲಿ ಗಾಳಿ ಊದುವ ಯಂತ್ರದಿಂದ ನೋಡಿ, ನನ್ನ ಕಣ್ಣಿನ ಒತ್ತಡ 17, ನಾರ್ಮಲ್ ಎಂದರು. ದೃಷ್ಟಿ ಚೆನ್ನಾಗಿದೆ. ಧೂಳಿಗೆ ತುರಿಕೆಯಾದಾಗ ಮೆಡಿಕಲ್ ಅಂಗಡಿಯ ಡ್ರಾಪ್ಸ್ ಹಾಕಿಕೊಳ್ಳುತ್ತೇನೆ, ಅಷ್ಟೇ. ಇನ್ನೂ ಪರೀಕ್ಷೆ ಬೇಕೇ? ಮುಂಜಾಗ್ರತೆಗೆ ತಾಯಿಯ ಔಷಧಿಯನ್ನೇ ಹಾಕಿಕೊಳ್ಳಬಹುದೇ?

ಉತ್ತರ: ಬೇಕು, ಈ ತಿಂಗಳೇ ಮಾಡಿಸಿ. ಗ್ಲಾಕೋಮಾ ಎಂದರೆ, ಹೆಚ್ಚಾಗಿ ಕಣ್ಣಿನೊಳಗಿನ ಒತ್ತಡದಿಂದ, ನೋಟವನ್ನು ಮೆದುಳಿಗೆ ಒಯ್ಯುವ ನರ ಸವೆಯುವ ಕಾಯಿಲೆ. 10ರಿಂದ 21 ಮಿಲಿಮೀಟರ್ ಪಾದರಸದಷ್ಟು ಒತ್ತಡವನ್ನು ಸಹಜ ಎನ್ನುವುದು ರೂಢಿ. ಆದರೆ ಅದು ದಿನವಿಡೀ ಏರಿಳಿಯುತ್ತದೆ. ಕಾರ್ನಿಯಾ (ಕಣ್ಣಿನ ಮುಂಭಾಗದ ಪಾರದರ್ಶಕ ಪದರ) ತೆಳುವಾಗಿದ್ದರೆ ಯಂತ್ರ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. 17 ಇದ್ದೂ ನರ ಸವೆದವರನ್ನು ನಾನು ನೋಡುತ್ತಲೇ ಇದ್ದೇನೆ. ದೃಷ್ಟಿ ಚೆನ್ನಾಗಿದೆ ಎಂಬುದೂ ಸಾಕ್ಷಿಯಲ್ಲ. ಸಾಮಾನ್ಯವಾಗಿ ಮೊದಲು ಮಸುಕಾಗುವುದು ಬದಿಯ ನೋಟ. ಒಂದು ಕಣ್ಣಿನ ಕೊರತೆಯನ್ನು ಇನ್ನೊಂದು ಮುಚ್ಚಿಹಾಕುತ್ತದೆ.

ತಾಯಿಯ ಕಾಯಿಲೆಯಷ್ಟೇ ನನಗೆ ಚಿಂತೆ ಹುಟ್ಟಿಸಿದ್ದು ನಿಮ್ಮ ಡ್ರಾಪ್ಸ್. ‘ಅಷ್ಟೇ’ ಎಂದಿದ್ದೀರಿ, ಹೆಸರು ಬರೆದಿಲ್ಲ! ಚೀಟಿಯಿಲ್ಲದೆ ಸಿಗುವ ಇಂಥ ಬಾಟಲಿಗಳಲ್ಲಿ ಸ್ಟೆರಾಯ್ಡ್ ಇರಬಹುದು. ಲೇಬಲ್‌ನಲ್ಲಿ ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೋಲೋನ್ ಎಂದಿದೆಯೇ ನೋಡಿ. ವಾರಗಟ್ಟಲೆ ಹಾಕಿದರೆ ಕೆಲವರಲ್ಲಿ ಒತ್ತಡ ಏರುತ್ತದೆ. ಗ್ಲಾಕೋಮಾ ಇರುವವರ ಮಕ್ಕಳಲ್ಲಿ ಆ ಸಾಧ್ಯತೆ ಹೆಚ್ಚು. ತುರಿಕೆ ಇಳಿದು ಹಾಯೆನಿಸುವುದರಿಂದ ಯಾರೂ ಬಾಟಲಿಯನ್ನು ಅನುಮಾನಿಸುವುದಿಲ್ಲ. ವೈದ್ಯರ ಬಳಿಗೆ ಅದನ್ನೂ ಒಯ್ಯಿರಿ.

ಅಲ್ಲಿ ‘ಗೋನಿಯೋಸ್ಕೋಪಿ ಮಾಡುತ್ತೀರಾ’ ಎಂದು ಬಾಯಿಬಿಟ್ಟು ಕೇಳಿ. ಕಣ್ಣನ್ನು ಮರಗಟ್ಟಿಸುವ ಹನಿ ಹಾಕಿ, ಕನ್ನಡಿಯಿರುವ ಮಸೂರವಿಟ್ಟು, ಒಳಗಿನ ದ್ರವ ಹೊರಹೋಗುವ ಮೂಲೆಯನ್ನು ನೋಡುವ ಪರೀಕ್ಷೆ ಇದು. ಗಡಿಬಿಡಿಯ ಹೊರರೋಗಿ ವಿಭಾಗಗಳಲ್ಲಿ ಬಿಟ್ಟುಹೋಗುವುದು ಇದೇ. ಆ ಮೂಲೆ ಕಿರಿದಾಗಿ ಬರುವ ಗ್ಲಾಕೋಮಾ ನಮ್ಮ ದೇಶದಲ್ಲಿ ಅಪರೂಪವಲ್ಲ, ಅದರ ಚಿಕಿತ್ಸೆಯ ದಾರಿಯೂ ಬೇರೆ. ಆಮೇಲೆ ಪಾಪೆ ಹಿಗ್ಗಿಸಿ ನರವನ್ನು ನೋಡುತ್ತಾರೆ. ಓಸಿಟಿ (ನರದ ಪದರದ ದಪ್ಪ ಅಳೆಯುವ ಸ್ಕ್ಯಾನ್), ಫೀಲ್ಡ್ ಟೆಸ್ಟ್ (ಬದಿಯ ನೋಟದ ಪರೀಕ್ಷೆ) ಹೇಳಬಹುದು. ಮೊದಲ ಫೀಲ್ಡ್ ಟೆಸ್ಟ್ ಕೆಟ್ಟದಾಗಿ ಬಂದರೆ ಗಾಬರಿ ಬೇಡ. ಚುಕ್ಕೆ ಬೆಳಕು ಕಂಡಾಗ ಗುಂಡಿ ಒತ್ತುವುದು ಎಲ್ಲರಿಗೂ ಒಮ್ಮೆಲೇ ಒಗ್ಗುವುದಿಲ್ಲ, ಮತ್ತೆ ಮಾಡಿಸುತ್ತಾರೆ. ಪಾಪೆ ಹಿಗ್ಗಿಸಿದಾಗ ನೋಟ ಮಸುಕಾಗುತ್ತದೆ, ಆ ದಿನ ಬೈಕ್ ಓಡಿಸಬೇಡಿ.

ತಾಯಿಯ ಔಷಧಿ ಬೇಡವೇ ಬೇಡ. ಅದು ಟಿಮೊಲಾಲ್ ಎಂಬ ಒತ್ತಡ ಇಳಿಸುವ ಹನಿಯಾಗಿದ್ದು ನಿಮಗೆ ಆಸ್ತಮಾ ಇದ್ದರೆ ಉಸಿರಿಗೇ ಸಂಚಕಾರ. ಮೇಲಾಗಿ, ಹಾಕಿಕೊಂಡು ಬಂದರೆ ನಿಮ್ಮ ನಿಜವಾದ ಒತ್ತಡ ವೈದ್ಯರಿಗೆ ಸಿಗುವುದಿಲ್ಲ. ತಾಯಿಯ ಹಳೆಯ ಫೈಲ್ ಮಾತ್ರ ಜೊತೆಗಿರಲಿ. ಒಡಹುಟ್ಟಿದವರಿದ್ದರೆ ಅವರನ್ನೂ ಕರೆದೊಯ್ಯಿರಿ.