ಪ್ರತಿಕ್ರಿಯೆ: ಈಜಿಪ್ಟಿನ ಸ್ಮಾರಕ ಕಲ್ಲಿನಲ್ಲಿ ಅಧಿಕಾರಿಯ ಹೆಸರು ಎಲ್ಲಿದೆ?

ಕಲ್ಲಿನ ಫೋಟೋದಲ್ಲಿ ಅಧಿಕಾರಿಯ ಹೆಸರು ಸಿಗುತ್ತಿಲ್ಲ ಅಂದಿದ್ದೀರಿ. ಬಹುಶಃ ಎಡದಿಂದ ಬಲಕ್ಕೆ ಓದುತ್ತಿದ್ದೀರಿ. ಇಂಥ ಕಲ್ಲುಗಳಲ್ಲಿ ಚಿತ್ರಲಿಪಿಯನ್ನು ಬಲದಿಂದ ಎಡಕ್ಕೆ ಬರೆದದ್ದೇ ಜಾಸ್ತಿ.

ಮೊದಲು ಹಕ್ಕಿ, ಮನುಷ್ಯರ ಚಿಹ್ನೆಗಳ ಮುಖ ನೋಡಿ. ಅವು ಯಾವ ಕಡೆ ನೋಡುತ್ತವೋ ಸಾಲು ಅಲ್ಲಿಂದಲೇ ಶುರು. ಆಮೇಲೆ 'ಹೆತೆಪ್ ದಿ ನೆಸು' ಹುಡುಕಿ. ರಾಜ ಕೊಡುವ ಕಾಣಿಕೆ ಅಂತ ಅರ್ಥ. ಮುಂದೆ ಒಸಿರಿಸ್‌ನಂಥ ದೇವರ ಹೆಸರು, ರೊಟ್ಟಿ, ಬಿಯರ್, ಎತ್ತು, ಬಾತುಗಳ ಪಟ್ಟಿ. ಅದನ್ನು ಸುಮ್ನೆ ದಾಟಿ. ಮೇಲೆತ್ತಿದ ಎರಡು ಕೈಗಳ ಚಿಹ್ನೆ ಬಂತೆಂದರೆ ನಿಲ್ಲಿ. ಅದು 'ಕಾ', ಅಂದರೆ ಸತ್ತ ಅಧಿಕಾರಿಯ ಜೀವಶಕ್ತಿ. ಅದರ ನಂತರ ಅವನ ಪದವಿ, ಆಮೇಲೆ ಹೆಸರು. ಹೆಸರಿನ ಬೆನ್ನಿಗೇ ಸಾಮಾನ್ಯವಾಗಿ 'ಮಾ ಖೆರು' ಇರುತ್ತದೆ. 'ಸತ್ಯವಾದ ಮಾತಿನವನು' ಅಂತ ಅರ್ಥ, ಸತ್ತವರ ಹೆಸರಿಗೆ ಸೇರಿಸುವ ಮಾತು.

ಕ್ರಿ.ಪೂ. 1900ರ ಆಸುಪಾಸಿನ, ಅಬಿಡೋಸ್ (ಒಸಿರಿಸ್‌ನ ಪವಿತ್ರ ಊರು) ಕಲ್ಲಾದರೆ ಈ ಕ್ರಮ ಹೊಂದುವ ಸಾಧ್ಯತೆ ಹೆಚ್ಚು. ಫೋಟೋ ನೋಡದೆ ಖಚಿತವಾಗಿ ಹೇಳಲಾರೆ. ಹೊಂದದಿದ್ದರೆ ಕೂತಿರುವ ಆಕೃತಿಯ ತಲೆಯ ಹತ್ತಿರದ ಸಣ್ಣ ಬರಹ ನೋಡಿ.