ಮಗನಿಗೆ ಕಿವಿ ಕೇಳಿಸದು. ಬಡಾವಣೆಯಲ್ಲಿ ಜಾಗೃತಿ ಕಾರ್ಯಕ್ರಮ ಮಾಡಬೇಕೆಂದಿದ್ದೇನೆ, ಹೇಗೆ ಮಾಡಲಿ?

ನಾಲ್ಕು ವರ್ಷದ ಮಗನನ್ನು ವೇದಿಕೆ ಹತ್ತಿಸಿ ಒಂದೆರಡು ಮಾತು ಆಡಿಸುತ್ತೇನೆ ಎಂದು ಬರೆದಿದ್ದೀರಿ. ದಯವಿಟ್ಟು ಬೇಡ. ಹತ್ತು ವರ್ಷಗಳ ಹಿಂದೆ ನಾನು ಮಾಡಿದ್ದು ಅದನ್ನೇ.

ನಮ್ಮದು ಹಾಸನ ಜಿಲ್ಲೆಯ ಸಣ್ಣ ಊರು. ಎರಡೂವರೆ ವರ್ಷವಾದರೂ ಮಗಳಿಗೆ ಮಾತು ಬರಲಿಲ್ಲವೆಂದು ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆಗೆ ಕರೆದೊಯ್ದೆವು. ಎರಡೂ ಕಿವಿಗಳಲ್ಲಿ 90 ಡೆಸಿಬಲ್‌ಗೂ ಮೀರಿದ, ಎಂದರೆ ತೀರಾ ತೀವ್ರವಾದ ದೋಷವೆಂದು ತಿಳಿಯಿತು. ಊರಿನವರ ಬಾಯಲ್ಲಿ ಅವಳು ‘ಮೂಗಿ’ಯಾದಳು. ಆ ಪದ ಕಿವಿಗೆ ಬಿದ್ದಾಗಲೆಲ್ಲ ನನ್ನ ರಕ್ತ ಕುದಿಯುತ್ತಿತ್ತು. ಅವಳ ಗಂಟಲಿಗಾಗಲಿ ನಾಲಿಗೆಗಾಗಲಿ ಏನೂ ಆಗಿಲ್ಲ. ಕಿವಿಗೇ ಬೀಳದ ಮಾತನ್ನು ಮಗು ಕಲಿಯುವುದಾದರೂ ಹೇಗೆ? ಇದನ್ನು ಊರಿಗೆಲ್ಲ ತೋರಿಸಿಕೊಡುತ್ತೇನೆಂದು ಹಟ ಹಿಡಿದು ಗಣೇಶೋತ್ಸವದ ವೇದಿಕೆಯಲ್ಲಿ ಒಂದು ಗಂಟೆ ಕೇಳಿ ಪಡೆದೆ.

ಆಗ ಅವಳಿಗೆ ಆರು ವರ್ಷ. ಎರಡು ತಿಂಗಳು ಪ್ರತಿ ಸಂಜೆ ಎದುರಿಗೆ ಕೂರಿಸಿಕೊಂಡು, ಅವಳ ಅಂಗೈಯನ್ನು ನನ್ನ ಗಂಟಲ ಮೇಲಿಟ್ಟು, ‘ಎಲ್ಲರಿಗೂ ನಮಸ್ಕಾರ’ ಎಂದು ಹೇಳಿಸಿದೆ. ಆಟ ಬಿಡಿಸಿದೆ, ಅಳಿಸಿದೆ.

ಅಂದು ಅವಳನ್ನು ನಿಲ್ಲಿಸಿದ್ದು ಧ್ವನಿವರ್ಧಕದ ಪೆಟ್ಟಿಗೆಯ ಪಕ್ಕದಲ್ಲಿ. ಶ್ರವಣಸಾಧನ ಮಾತನ್ನಷ್ಟೇ ಹೆಕ್ಕಿ ಕೊಡುವುದಿಲ್ಲ, ಜನರೇಟರಿನ ಸದ್ದನ್ನೂ ತಮಟೆಯನ್ನೂ ಸೇರಿಸಿ ಹಿಗ್ಗಿಸುತ್ತದೆ. ಅವಳು ಅದನ್ನು ಕಿತ್ತು ಕೈಯಲ್ಲಿ ಹಿಡಿದುಕೊಂಡಳು. ತುಟಿ ನೋಡಿ ತಿಳಿಯೋಣವೆಂದರೆ ಭಾಷಣ ಮಾಡುವವರ ಬಾಯಿಗೆ ಮೈಕ್ ಅಡ್ಡ, ಹಿಂದಿನಿಂದ ಬೀಳುವ ಬೆಳಕಿಗೆ ಮುಖವೆಲ್ಲ ಕಪ್ಪು. ಮುಕ್ಕಾಲು ಗಂಟೆ ಎಲ್ಲರೂ ಅವಳ ಬಗ್ಗೆಯೇ ಮಾತನಾಡಿದರು. ಅವಳೊಬ್ಬಳಿಗೆ ಮಾತ್ರ ಏನೂ ತಿಳಿಯಲಿಲ್ಲ. ಕೊನೆಗೆ ನಾನು ಭುಜ ತಟ್ಟಿದಾಗ ಕಲಿತದ್ದನ್ನು ಹೇಳಿದಳು. ಮುಂದೆ ಕುಳಿತ ಮಕ್ಕಳು ನಕ್ಕರು, ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಅವಳು ಎರಡನ್ನೂ ನೋಡಿದಳು.

ಮರುದಿನದಿಂದ ‘ಮೂಗಿ’ ಹೋಗಿ ‘ಪಾಪದ ಕೂಸು’ ಬಂತು. ದೇವಸ್ಥಾನದ ಬಳಿ ಯಾರೋ ಅವಳ ಕೈಗೆ ಹತ್ತು ರೂಪಾಯಿ ಇಟ್ಟು ಹೋದರು. ಮುಂದೆ ಒಂದು ವರ್ಷ ಅವಳು ಮನೆಯ ಹೊಸ್ತಿಲಾಚೆ ದನಿ ಹೊರಡಿಸಲಿಲ್ಲ.

ಜಾಗ ಸರಿಯಿರಲಿಲ್ಲ, ಗದ್ದಲ ಹೆಚ್ಚಾಯಿತು ಎಂದು ಬಹಳ ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಿಶ್ಶಬ್ದವಾದ ಸಭಾಂಗಣದಲ್ಲಿ ಮಾಡಿದ್ದರೂ ಅದು ತಪ್ಪೇ ಆಗುತ್ತಿತ್ತು. ಊರಿನವರು ಕಲಿಯಬೇಕಾದ ಪಾಠವನ್ನು ನಾನು ಮಗುವಿಗೆ ಉರು ಹೊಡೆಸಿದೆ. ನಮ್ಮಂತೆ ಮಾತನಾಡಿದರೆ ಮಾತ್ರ ಅವಳಿಗೆ ಬೆಲೆ ಎಂದು ಮೈಕ್ ಹಿಡಿದು ಸಾರಿದೆ. ನೂರೈವತ್ತು ಜನ ಬಂದರು, ನೋಡಿದರು, ಎದ್ದು ಹೋದರು. ಅವಳನ್ನು ಊಟವಾಯಿತೇ ಎಂದು ಕೇಳಲು ಅವರಲ್ಲಿ ಒಬ್ಬರಿಗೂ ಬರುತ್ತಿರಲಿಲ್ಲ. ನನಗೂ ಬರುತ್ತಿರಲಿಲ್ಲ! ಕೈಸನ್ನೆ ಕಲಿಸಿದರೆ ಮಾತು ನಿಂತುಹೋಗುತ್ತದೆ ಎಂಬ ಹೆದರಿಕೆಯಿಂದ ಮನೆಯಲ್ಲಿ ಅದನ್ನು ಬೇಡವೆಂದವನೇ ನಾನು.

ಬಸ್ ನಿಲ್ದಾಣದ ಬಳಿ ಕಿವುಡರಾದ ದರ್ಜಿಯೊಬ್ಬರಿದ್ದಾರೆ. ಆ ಹೊತ್ತಿಗಾಗಲೇ ಎಂಟು ವರ್ಷಗಳಿಂದ ನನ್ನ ಅಂಗಿ ಹೊಲಿಯುತ್ತಿದ್ದವರು. ಹಬ್ಬ ಮುಗಿದ ಮೇಲೆ ಅಂಗಡಿಗೆ ಹೋದಾಗ ರಸೀದಿಯ ಹಿಂಬದಿಯಲ್ಲಿ ಬರೆದು ಮುಂದಿಟ್ಟರು: ‘ನನ್ನನ್ನು ಏಕೆ ಕರೆಯಲಿಲ್ಲ?’

ಉತ್ತರವಿರಲಿಲ್ಲ. ಅವರ ನೆನಪೇ ನನಗೆ ಆಗಿರಲಿಲ್ಲ.

ಅಲ್ಲಿಂದಾಚೆ ಭಾನುವಾರ ಬೆಳಿಗ್ಗೆ ನಾವು ಮೂವರೂ ಅವರ ಅಂಗಡಿಯಲ್ಲಿ ಕೂತು ಭಾರತೀಯ ಸನ್ನೆ ಭಾಷೆ ಕಲಿತೆವು. ಅವಳು ತಿಂಗಳಲ್ಲಿ ಕಲಿತದ್ದಕ್ಕೆ ನನಗೆ ವರ್ಷ ಹಿಡಿಯಿತು. ಈಗ ನಿಮಗೆ ಇನ್ನೂ ಸುಲಭ: ದೆಹಲಿಯ ಭಾರತೀಯ ಸನ್ನೆ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರ 2021ರ ಹೊತ್ತಿಗೆ 10,000 ಪದಗಳ ನಿಘಂಟನ್ನು ವಿಡಿಯೊ ರೂಪದಲ್ಲಿ ಹೊರತಂದಿದೆ, ಮೊಬೈಲಿನಲ್ಲೇ ನೋಡಬಹುದು.

ಕರಪತ್ರ, ಬ್ಯಾನರ್ ಯಾವುದರಲ್ಲೂ ನನಗೆ ನಂಬಿಕೆ ಉಳಿದಿಲ್ಲ. ನಿಮ್ಮ ಮಗ ದಿನವೂ ಎದುರಾಗುವ ಐದು ಜನರನ್ನು ಹಿಡಿಯಿರಿ. ನಾನು ಮೊದಲು ಹಿಡಿದದ್ದು ದಿನಸಿ ಅಂಗಡಿಯವರನ್ನು. ಕನ್ನಡಿ ಮುಂದೆ ನಿಂತು ದನಿಯಿಲ್ಲದೆ ‘ಅಪ್ಪ’, ‘ಅಮ್ಮ’ ಎನ್ನಿ ಎಂದೆ. ಎರಡಕ್ಕೂ ತುಟಿ ಒಂದೇ ಥರ ಮುಚ್ಚಿ ತೆರೆಯುತ್ತದೆ. ಬರೀ ತುಟಿ ನೋಡಿ ಮಾತು ತಿಳಿಯುವುದು ಎಷ್ಟು ಕಷ್ಟವೆಂದು ಅವರಿಗೆ ಅರ್ಧ ನಿಮಿಷದಲ್ಲಿ ಅರ್ಥವಾಯಿತು. ಆಮೇಲೆ ಹಾಲು, ಸಕ್ಕರೆ, ಚಿಲ್ಲರೆ, ನಾಳೆ ಬಾ ಎಂಬಂಥ ಹತ್ತು ಸನ್ನೆಗಳನ್ನು ಮಗಳೇ ಕಲಿಸಿದಳು. ಬೆನ್ನ ಹಿಂದೆ ನಿಂತು ಕೂಗಬೇಡಿ, ಮುಂದೆ ಬಂದು ಕೈ ಬೀಸಿ ಎಂಬುದನ್ನೂ ಅವಳೇ ತಿದ್ದಿದಳು. ಅಂಗಡಿಗೆ ಬಂದವರು ನೋಡಿ ಕೇಳಿದರು, ಅವರೂ ಒಂದೆರಡು ಕಲಿತರು.

ಪೆಂಡಾಲ್‌ಗೆ ಮುಂಗಡ ಕೊಟ್ಟಿದ್ದರೆ ಹೋಗಲಿ ಬಿಡಿ. ಮಗನಿಗೆ ನಾಲ್ಕು ವರ್ಷ ಎಂದಿದ್ದೀರಿ. ಕಾಕ್ಲಿಯರ್ ಇಂಪ್ಲಾಂಟ್ (ಶಸ್ತ್ರಚಿಕಿತ್ಸೆ ಮಾಡಿ ಒಳಕಿವಿಗೆ ಅಳವಡಿಸುವ ಸಾಧನ) ವಿಚಾರವಿದ್ದರೆ ಹುಟ್ಟಿನಿಂದ ಕಿವುಡಿರುವ ಮಕ್ಕಳಿಗೆ, ಅಂಗವಿಕಲರಿಗೆ ಸಾಧನ ಕೊಡಿಸುವ ಕೇಂದ್ರದ ಎಡಿಪ್ ಯೋಜನೆಯ ನೆರವು ಐದು ವರ್ಷದೊಳಗೆ ಮಾತ್ರ. ಈ ವಾರವೇ ಮೈಸೂರಿಗೆ ಹೊರಡಿ. ಇಂಪ್ಲಾಂಟ್ ಮಾಡಿಸಿದರೂ ಬಿಟ್ಟರೂ ಸನ್ನೆ ಭಾಷೆಯನ್ನು ಮಾತ್ರ ಮನೆಯಿಂದ ಹೊರಗಿಡಬೇಡಿ. ಮರಳಿ ಬಂದ ಮೇಲೆ ನಿಮ್ಮ ಬಡಾವಣೆಯ ಸುತ್ತಮುತ್ತ ಇರುವ ಕಿವುಡ ಹಿರಿಯರು ಯಾರೆಂದು ವಿಚಾರಿಸಿ, ಮಗನನ್ನು ಕರೆದುಕೊಂಡು ಅವರ ಮನೆಗೆ ಹೋಗಿ.