ಹೊಸ ಸ್ನೇಹಿತರ ಮನೆಯಲ್ಲಿ ನಮ್ಮೂರಿನ ಊಟ: ಓದುಗರ ಪ್ರಶ್ನೆಗಳಿಗೆ ಉತ್ತರ

ರಜೆಗೆ ಹೊರಟ ದಂಪತಿಗಳಿಂದ ಈ ಸಲ ಒಂದೇ ಬಗೆಯ ಪತ್ರಗಳು ಹೆಚ್ಚು ಬಂದಿವೆ. ಪ್ರವಾಸದಲ್ಲೋ ಕೆಲಸದ ನಿಮಿತ್ತವೋ ಪರಿಚಯವಾದವರು ಮನೆಗೆ ಕರೆದಿದ್ದಾರೆ, ಒಂದು ರಾತ್ರಿ ನಾವೇ ಅಡುಗೆ ಮಾಡಿ ಬಡಿಸಬೇಕು, ಹೇಗೆ ಎಂಬುದು ಎಲ್ಲರ ಪ್ರಶ್ನೆ. ಅವುಗಳಲ್ಲಿ ಐದಕ್ಕೆ ಇಲ್ಲಿ ಉತ್ತರ ಇದೆ.

ಪ್ರಶ್ನೆ: ಹಂಪಿ ನೋಡಲು ಬಂದಿದ್ದ ಜರ್ಮನ್ ದಂಪತಿಯ ಸ್ನೇಹವಾಯಿತು. ಈಗ ಅವರು ಮ್ಯೂನಿಕ್‌ಗೆ ಕರೆದಿದ್ದಾರೆ, ನಾಲ್ಕು ದಿನ ಅವರ ಮನೆಯಲ್ಲೇ ಇರುತ್ತೇವೆ. ಒಂದು ರಾತ್ರಿ ಆರು ಜನಕ್ಕೆ ಬಿಸಿಬೇಳೆ ಬಾತ್ ಮಾಡೋಣ ಅಂತ ಇದ್ದೇವೆ. ಕುಕ್ಕರ್ ಇಲ್ಲ ಎಂದಿದ್ದಾರೆ. ಆಗುತ್ತದೆಯೇ?
– ದಂಪತಿ, ಶಿವಮೊಗ್ಗ

ಉತ್ತರ: ಖಂಡಿತ ಆಗುತ್ತದೆ. ಬಿಸಿಬೇಳೆ ಬಾತ್ ಒಳ್ಳೆಯ ಆಯ್ಕೆ ಕೂಡ. ಒಂದೇ ಪಾತ್ರೆಯ ಅಡುಗೆ, ಜೊತೆಗೆ ಅದರ ರುಚಿಯ ಮುಕ್ಕಾಲು ಪಾಲು ಪುಡಿಯಲ್ಲೇ ಇದೆ. ಪರರ ಅಡುಗೆಮನೆಗೆ ಹೋಗುವಾಗ ರುಚಿಯ ಕೆಲಸವನ್ನು ನಮ್ಮ ಮನೆಯಲ್ಲೇ ಮುಗಿಸಿಕೊಂಡು, ಬೇಯಿಸುವುದನ್ನಷ್ಟೇ ಅಲ್ಲಿ ಮಾಡಬೇಕು. ಅಲ್ಲಿ ಹೋಗಿ ಹುರಿದು ರುಬ್ಬುವ ಯೋಚನೆ ಬೇಡ.

ಆರು ಜನಕ್ಕೆ ಪುಡಿಯ ಅಳತೆ: ಧನಿಯಾ 2 ದೊಡ್ಡ ಚಮಚ, ಕಡಲೆಬೇಳೆ 1 ದೊಡ್ಡ ಚಮಚ, ಉದ್ದಿನಬೇಳೆ 2 ಟೀ ಚಮಚ, ಜೀರಿಗೆ 1 ಟೀ ಚಮಚ, ಮೆಂತ್ಯ ಕಾಲು ಟೀ ಚಮಚ, ಬ್ಯಾಡಗಿ ಮೆಣಸಿನಕಾಯಿ 10, ಎರಡಿಂಚು ಚಕ್ಕೆ, ಲವಂಗ 4, ಮರಾಠಿ ಮೊಗ್ಗು 2, ಏಲಕ್ಕಿ 1. ಬ್ಯಾಡಗಿ ಬಿಟ್ಟು ಗುಂಟೂರು ಹಾಕಬೇಡಿ. ಹೊಸಬರಿಗೆ ಬಣ್ಣ ಬೇಕು, ಖಾರ ಕಡಿಮೆ ಇರಬೇಕು. ಒಂದೊಂದನ್ನೂ ಬೇರೆ ಬೇರೆಯಾಗಿ ಸಣ್ಣ ಉರಿಯಲ್ಲಿ ಹುರಿಯಿರಿ, ಮೆಂತ್ಯ ಕಪ್ಪಾಗಲು ಬಿಡಬೇಡಿ. ಪೂರ್ತಿ ಆರಿದ ಮೇಲೆ ಪುಡಿ ಮಾಡಿ. ಬಿಸಿಯಿದ್ದಾಗಲೇ ಡಬ್ಬಿಗೆ ತುಂಬಿದರೆ ಒಳಗೆ ನೀರಾಡಿ ಪುಡಿ ಗಂಟುಗಟ್ಟುತ್ತದೆ. ಕೊಬ್ಬರಿಯನ್ನು ಇದರಲ್ಲಿ ಸೇರಿಸಬೇಡಿ. ಅದರ ಎಣ್ಣೆ ಬೇಗ ಕಮಟುತ್ತದೆ. ಒಣ ತೆಂಗಿನ ತುರಿ ಅಲ್ಲಿನ ಯಾವ ಅಂಗಡಿಯಲ್ಲಾದರೂ ಸಿಗುತ್ತದೆ, ಅಡುಗೆಯ ಹೊತ್ತಿಗೆ ಎರಡು ಚಮಚ ಹುರಿದು ಹಾಕಿದರೆ ಸಾಕು. ಪುಡಿಯನ್ನು ಎರಡು ಜಿಪ್ ಚೀಲಗಳೊಳಗಿಟ್ಟು, ಏನೇನಿದೆ ಎಂದು ಇಂಗ್ಲಿಷಿನಲ್ಲಿ ಬರೆದು ಅಂಟಿಸಿ, ಚೆಕ್‌ಇನ್ ಸೂಟ್‌ಕೇಸಿನಲ್ಲಿಡಿ. ಕೈಚೀಲದಲ್ಲಿಟ್ಟರೆ ಭದ್ರತಾ ತಪಾಸಣೆಯಲ್ಲಿ ಖಾರದ ಪುಡಿಯನ್ನು ತೆಗೆದಿಡುತ್ತಾರೆ.

ತುಪ್ಪ, ಪೇಡ, ಕುಂದಾ ಯಾವುದನ್ನೂ ಒಯ್ಯಬೇಡಿ. ಹೊರಗಿನ ದೇಶಗಳಿಂದ ಪ್ರಯಾಣಿಕರು ಹಾಲಿನ ಮತ್ತು ಮಾಂಸದ ಪದಾರ್ಥ ತರುವುದನ್ನು ಐರೋಪ್ಯ ಒಕ್ಕೂಟ ನಿಷೇಧಿಸಿದೆ. ಹಸಿ ಕರಿಬೇವಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು, ಹಾಗಾಗಿ ಅದೂ ಬೇಡ. ತುಪ್ಪಕ್ಕೆ ಬದಲು ಅಲ್ಲಿ ‘ಬುಟರ್‌ಶ್ಮಾಲ್ಟ್ಸ್’ ಎಂದು ಕೇಳಿ, ಕಾಸಿದ ಬೆಣ್ಣೆಯೇ ಅದು. ಇಲ್ಲವೇ 250 ಗ್ರಾಂ ಉಪ್ಪಿಲ್ಲದ ಬೆಣ್ಣೆ ಕಾಯಿಸಿದರೆ ಸುಮಾರು 200 ಗ್ರಾಂ ತುಪ್ಪ ಬರುತ್ತದೆ. ತೊಗರಿಬೇಳೆ, ಕರಿಬೇವು, ಹುಣಸೆಹಣ್ಣು ಏಷ್ಯನ್ ಅಂಗಡಿಗಳಲ್ಲಿ ಸಿಗುತ್ತವೆ. ನವಿಲುಕೋಸಂತೂ ಜರ್ಮನಿಯಲ್ಲಿ ಮನೆಮನೆಯ ತರಕಾರಿ. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ಶನಿವಾರವೇ ಸಾಮಾನು ತಂದಿಡಿ.

ಇನ್ನು ಅಡುಗೆ. ಅಕ್ಕಿ 300 ಗ್ರಾಂ, ತೊಗರಿಬೇಳೆ 200 ಗ್ರಾಂ, ತರಕಾರಿ ಎಲ್ಲ ಸೇರಿ 500 ಗ್ರಾಂ (ಬೀನ್ಸ್, ಕ್ಯಾರೆಟ್, ನವಿಲುಕೋಸು, ಬಟಾಣಿ), ಹುಣಸೆಹಣ್ಣು 30 ಗ್ರಾಂ, ಬೆಲ್ಲ 20 ಗ್ರಾಂ, ಉಪ್ಪು ಮೊದಲಿಗೆ 20 ಗ್ರಾಂ. ಪಾತ್ರೆ ಐದು ಲೀಟರಿನದಾದರೂ ಬೇಕು, ಇದೆಯೇ ಎಂದು ಮೊದಲೇ ಕೇಳಿ. ಬಾಸುಮತಿ ಬೇಡ, ಅದರ ಅಗುಳು ಬಿಡಿಬಿಡಿಯಾಗಿಯೇ ಉಳಿದು ಬಾತ್ ಹೊಂದಿಕೊಳ್ಳುವುದಿಲ್ಲ. ಪಾಯಸಕ್ಕೆಂದು ಮಾರುವ ಗುಂಡಕ್ಕಿ ಇದಕ್ಕೆ ಚೆನ್ನಾಗಿ ಒದಗುತ್ತದೆ.

ಊಟ ಏಳಕ್ಕೆ ಎಂದುಕೊಳ್ಳಿ. ನಾಲ್ಕು ಗಂಟೆಗೆ ಬೇಳೆ ನೆನೆಹಾಕಿ. ಐದಕ್ಕೆ ಒಂದು ಲೀಟರ್ ನೀರು, ಅರ್ಧ ಚಮಚ ಅರಿಶಿನ, ಒಂದು ಚಮಚ ಎಣ್ಣೆ ಹಾಕಿ ಬೇಯಲು ಇಡಿ. 40–50 ನಿಮಿಷ ಹಿಡಿಯುತ್ತದೆ. ಮ್ಯೂನಿಕ್‌ನ ನಲ್ಲಿ ನೀರು ಗಡಸು. ಅದರ ಸುಣ್ಣದಂಶ ಬೇಳೆಯ ತಿರುಳನ್ನು ಬಿಗಿಹಿಡಿದು ಬೇಗ ಬೇಯಲು ಬಿಡುವುದಿಲ್ಲ. ಎರಡು ಚಿಟಿಕೆ ಅಡುಗೆ ಸೋಡಾ ಹಾಕಿದರೆ ಸರಿಹೋಗುತ್ತದೆ, ಹೆಚ್ಚಾದರೆ ಸೋಡಾದ ವಾಸನೆ ಉಳಿಯುತ್ತದೆ. ಬೇಳೆ ಬೆರಳಿಗೆ ನುಣ್ಣಗೆ ಸಿಕ್ಕ ಮೇಲೆ ತೊಳೆದ ಅಕ್ಕಿ, ಒಂದು ಲೀಟರ್ ಕುದಿ ನೀರು ಸೇರಿಸಿ. ಹತ್ತು ನಿಮಿಷ ಬಿಟ್ಟು ತರಕಾರಿ.

ಹುಣಸೆಹಣ್ಣು ಬೇಗ ಹಾಕುವುದೇ ಈ ಅಡುಗೆ ಕೆಡುವ ದೊಡ್ಡ ಕಾರಣ. ಹುಳಿ ಬಿದ್ದ ಮೇಲೆ ಬೇಳೆಯಾಗಲಿ ತರಕಾರಿಯಾಗಲಿ ಮೆತ್ತಗಾಗುವುದಿಲ್ಲ, ಎಷ್ಟು ಕುದಿಸಿದರೂ ಕಾಳುಕಾಳಾಗಿಯೇ ಇರುತ್ತದೆ. ಹಾಗಾಗಿ ಹುಣಸೆರಸ, ಪುಡಿ, ಬೆಲ್ಲ, ಉಪ್ಪನ್ನು ಇನ್ನೊಂದು ಸಣ್ಣ ಪಾತ್ರೆಯಲ್ಲಿ ಎಂಟು ನಿಮಿಷ ಕುದಿಸಿ, ಹಸಿ ವಾಸನೆ ಹೋದ ಮೇಲೆ, ಎಲ್ಲವೂ ಬೆಂದ ಪಾತ್ರೆಗೆ ಸುರಿಯಿರಿ. ಮತ್ತೆ ಹತ್ತು ನಿಮಿಷ ಸಣ್ಣ ಉರಿ, ತಳ ಮುಟ್ಟಿ ಕೈಯಾಡಿಸುತ್ತಿರಿ. ಒಲೆ ಆರಿಸುವಾಗ ಸೌಟಿನಿಂದ ಎತ್ತಿ ಬಿಟ್ಟರೆ ಧಾರೆಯಾಗಿ ಇಳಿಯುವಷ್ಟು ತೆಳ್ಳಗಿರಲಿ. ಕಾಲು ಗಂಟೆಯಲ್ಲಿ ಅಕ್ಕಿ ನೀರು ಹೀರಿ ಹದಕ್ಕೆ ಬರುತ್ತದೆ. ಈಗಲೇ ಹದವಾಗಿದೆ ಎನಿಸಿದರೆ ತಟ್ಟೆಯಲ್ಲಿ ಮುದ್ದೆಯಾಗುವುದು ಖಚಿತ. ಕೈಯಲ್ಲಿ ಅರ್ಧ ಲೀಟರ್ ಬಿಸಿನೀರು ಸದಾ ಇರಲಿ. ತಣ್ಣೀರು ಹಾಕಿದರೆ ರುಚಿ ಸಪ್ಪೆಯಾಗಿ ಬಾತ್ ಒಡೆದಂತಾಗುತ್ತದೆ. ತಳ ಹಿಡಿದರೆ ಕೆದಕದೆ ಮೇಲಿನದನ್ನು ಬೇರೆ ಪಾತ್ರೆಗೆ ಬಗ್ಗಿಸಿಕೊಳ್ಳಿ.

ಜೊತೆಗೆ ಸೌತೆಕಾಯಿ ಮೊಸರು ಬಜ್ಜಿ, ಖಾರಾಬೂಂದಿಗೆ ಬದಲಾಗಿ ಆಲೂಗಡ್ಡೆ ಚಿಪ್ಸ್, ಕೊನೆಗೆ ಶ್ಯಾವಿಗೆ ಪಾಯಸ (ಶ್ಯಾವಿಗೆ 100 ಗ್ರಾಂ, ಹಾಲು ಒಂದು ಲೀಟರ್, ಸಕ್ಕರೆ 110 ಗ್ರಾಂ). ಇಷ್ಟು ಸಾಕು. ನಾಲ್ಕು ಪಲ್ಯ, ಎರಡು ಕೋಸಂಬರಿ ಎಂದು ಹೊರಟರೆ ನೀವಿಬ್ಬರೂ ಇಡೀ ಸಂಜೆ ಒಲೆಯ ಮುಂದೆಯೇ ಇರಬೇಕಾಗುತ್ತದೆ. ಅವರು ಕರೆದದ್ದು ನಿಮ್ಮ ಜೊತೆ ಕೂತು ಮಾತಾಡುವುದಕ್ಕೆ.

ಪ್ರಶ್ನೆ: ಇಂಗ್ಲೆಂಡಿನ ಲೀಡ್ಸ್‌ನಲ್ಲಿ ನಮ್ಮ ಸ್ನೇಹಿತರ ಫ್ಲ್ಯಾಟ್‌ನಲ್ಲಿ ಇಂಡಕ್ಷನ್ ಒಲೆ. ನಮ್ಮ ಸಣ್ಣ ಅಲ್ಯೂಮಿನಿಯಂ ಕುಕ್ಕರ್ ಒಯ್ಯಬಹುದೇ? ಒಗ್ಗರಣೆಗೆ ಹೊಗೆ ಅಲಾರಂ ಹೊಡೆದುಕೊಳ್ಳುತ್ತದೆಯಂತೆ. ಅವರಲ್ಲಿ ಒಬ್ಬರು ವೀಗನ್ (ಹಾಲು-ತುಪ್ಪವನ್ನೂ ಮುಟ್ಟದ ಸಸ್ಯಾಹಾರಿ), ಇನ್ನೊಬ್ಬರಿಗೆ ಗೋಧಿ ಆಗುವುದಿಲ್ಲ.
– ದಂಪತಿ, ಹಾಸನ

ಉತ್ತರ: ತಳಕ್ಕೆ ಆಯಸ್ಕಾಂತ ಕಚ್ಚದ ಪಾತ್ರೆ ಇಂಡಕ್ಷನ್ ಮೇಲೆ ಕಾಯುವುದಿಲ್ಲ. ಬರಿ ಅಲ್ಯೂಮಿನಿಯಂ ಕುಕ್ಕರ್ ಮನೆಯಲ್ಲೇ ಇರಲಿ. ತಳ ಗುಂಡಗಿರುವ ಬಾಣಲೆಯೂ ಬೇಡ.

ಒಗ್ಗರಣೆ ಇಂಡಕ್ಷನ್ ಮೇಲೆ ಕೆಡುವುದು ಅವಸರಕ್ಕೆ. ಎಣ್ಣೆ ಕೆಲವೇ ಸೆಕೆಂಡುಗಳಲ್ಲಿ ಹೊಗೆಯಾಡುವಷ್ಟು ಕಾಯುತ್ತದೆ, ನಾವು ಗ್ಯಾಸಿನ ಲೆಕ್ಕದಲ್ಲಿ ಸಾಸಿವೆ ಹುಡುಕುತ್ತಿರುತ್ತೇವೆ. ಎಲ್ಲವನ್ನೂ ಮೊದಲೇ ಬಟ್ಟಲಲ್ಲಿ ಎತ್ತಿಟ್ಟುಕೊಳ್ಳಿ. ಒಲೆಯ ಶಾಖಕ್ಕೆ ಒಂಬತ್ತು ಹಂತಗಳಿದ್ದರೆ ಐದಕ್ಕಿಂತ ಮೇಲೆ ಹೋಗಬೇಡಿ. ಎರಡು ಕಾಳು ಸಾಸಿವೆ ಹಾಕಿ, ಅವು ಸಿಡಿದಾಗ ಉಳಿದದ್ದು, ಅದು ಚಟಪಟ ಎನ್ನುತ್ತಿರುವಾಗಲೇ ಒಲೆ ಆರಿಸಿ. ಆಮೇಲೆ ಒಣಮೆಣಸಿನಕಾಯಿ, ಇಂಗು, ಒರೆಸಿ ಒಣಗಿಸಿದ ಕರಿಬೇವು. ಉಳಿದ ಬಿಸಿಯೇ ಅವಕ್ಕೆ ಸಾಕು. ಅಲಾರಂ ಎಬ್ಬಿಸುವುದು ಸುಡುವ ಎಣ್ಣೆ ಮತ್ತು ಕರಟುವ ಮೆಣಸಿನಕಾಯಿ. ಚಿಮಣಿ ಫ್ಯಾನನ್ನು ಐದು ನಿಮಿಷ ಮೊದಲೇ ಹಾಕಿ, ಕಿಟಕಿ ತೆರೆಯಿರಿ, ಹಾಲ್ ಕಡೆಯ ಬಾಗಿಲು ಮುಚ್ಚಿ. ಅಲಾರಂಗೆ ಬಟ್ಟೆ ಕಟ್ಟುವುದಾಗಲಿ, ಬ್ಯಾಟರಿ ಕೀಳುವುದಾಗಲಿ ಮಾಡಲೇಬಾರದು. ಅವರ ಮನೆಯ ಸುರಕ್ಷತೆ ಅದು.

ಗೋಧಿ ಆಗದವರ ವಿಷಯದಲ್ಲಿ ಬಹಳ ಜನ ಮರೆಯುವುದು ಇಂಗನ್ನು. ಡಬ್ಬಿಯಲ್ಲಿ ಸಿಗುವ ಪುಡಿ ಇಂಗಿನಲ್ಲಿ ಸಾಮಾನ್ಯವಾಗಿ ಗೋಧಿ ಹಿಟ್ಟೋ ಮೈದಾವೋ ಸೇರಿರುತ್ತದೆ. ಲೇಬಲ್ ಓದಿ, ಅಕ್ಕಿ ಹಿಟ್ಟಿನದು ಸಿಗದಿದ್ದರೆ ಇಂಗು ಬಿಟ್ಟು ನಾಲ್ಕೆಸಳು ಬೆಳ್ಳುಳ್ಳಿ ಜಜ್ಜಿ ಹಾಕಿ. ಶ್ಯಾವಿಗೆ, ರವೆ ಎರಡೂ ಗೋಧಿಯವೇ, ಆದ್ದರಿಂದ ಸಿಹಿಗೆ ಹೆಸರುಬೇಳೆ ಪಾಯಸ ಮಾಡಿ: ಹುರಿದ ಹೆಸರುಬೇಳೆ 150 ಗ್ರಾಂ, ಬೆಲ್ಲ 200 ಗ್ರಾಂ, ತೆಂಗಿನಹಾಲು 400 ಮಿಲಿಲೀಟರ್. ವೀಗನ್ ಆದವರಿಗೂ ಅದೇ ನಡೆಯುತ್ತದೆ. ತೆಂಗಿನಹಾಲು ಒಲೆ ಆರಿಸಿದ ಮೇಲೆ ಹಾಕಿ, ಕುದಿದರೆ ಒಡೆಯುತ್ತದೆ. ಒಗ್ಗರಣೆಗೆ ತುಪ್ಪದ ಬದಲು ಎಣ್ಣೆ. ಅವರಿಗೊಂದು ಸಣ್ಣ ಪಾತ್ರೆ, ಉಳಿದವರಿಗೆ ತುಪ್ಪದ್ದು ಎಂದು ಎರಡು ಮಾಡಬೇಡಿ, ಎಲ್ಲರಿಗೂ ಒಂದೇ ಅಡುಗೆ ಬಡಿಸಿ.

ಪ್ರಶ್ನೆ: ಲೇಹ್‌ನೊಳಗ ನಮಗ ಪರಿಚಯ ಆದ ಕುಟುಂಬದವರು ಜುಲೈದಾಗ ಬರ್ರಿ ಅಂದಾರ. ಜೋಳದ ರೊಟ್ಟಿ, ಎಣ್ಣೆಗಾಯಿ ಮಾಡಿ ಉಣಿಸಬೇಕಂತ ಆಸೆ. ಅಷ್ಟು ಎತ್ತರದಾಗ ಆಗತದೇನ್ರಿ?
– ದಂಪತಿ, ಹುಬ್ಬಳ್ಳಿ

ಉತ್ತರ: ಆಗುತ್ತದೆ, ಆದರೆ ರೊಟ್ಟಿ ಬಡಿಯುವ ಕೆಲಸ ಹುಬ್ಬಳ್ಳಿಯಲ್ಲೇ ಮುಗಿಸಿಕೊಂಡು ಹೋಗಿ. ಜೋಳದ ಹಿಟ್ಟಿನಲ್ಲಿ ಗೋಧಿಯಲ್ಲಿರುವ ಅಂಟು ಇಲ್ಲ. ಕುದಿಯುವ ನೀರು ಬಿದ್ದಾಗ ಹಿಟ್ಟು ಅರೆಬರೆ ಬೆಂದು ಬರುವ ಜಿಗುಟೇ ಅದನ್ನು ಹಿಡಿದಿಡುವುದು. ಲೇಹ್ ಸುಮಾರು 3,500 ಮೀಟರ್ ಎತ್ತರದಲ್ಲಿದೆ, ನೀರು ಅಲ್ಲಿ 88 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಹಿಟ್ಟು ಹಳೆಯದಾಗಿದ್ದರಂತೂ ಅಂಚು ಸೀಳುತ್ತಲೇ ಹೋಗುತ್ತದೆ. ಕಡಕ್ ರೊಟ್ಟಿ ಒಯ್ದರೆ ಈ ಯಾವ ತಾಪತ್ರಯವೂ ಇಲ್ಲ. ಆರು ಜನಕ್ಕೆ 24 ರೊಟ್ಟಿ, ಗಟ್ಟಿ ಡಬ್ಬಿಯಲ್ಲಿ ನಡುನಡುವೆ ಕಾಗದವಿಟ್ಟು ಕೈಚೀಲದಲ್ಲೇ ಇಟ್ಟುಕೊಳ್ಳಿ. ಮೆತ್ತಗೆ ಬೇಕೆಂದವರಿಗೆ ನೀರು ಚಿಮುಕಿಸಿ ಒದ್ದೆ ಬಟ್ಟೆಯಲ್ಲಿ ಐದು ನಿಮಿಷ ಸುತ್ತಿಡಿ.

ಎಣ್ಣೆಗಾಯಿಯ ಒಣ ಮಸಾಲೆಯನ್ನೂ ಮನೆಯಲ್ಲೇ ಮಾಡಿಕೊಳ್ಳಿ: ಹುರಿದು ಸಿಪ್ಪೆ ತೆಗೆದ ಶೇಂಗಾ 80 ಗ್ರಾಂ, ಎಳ್ಳು 2 ದೊಡ್ಡ ಚಮಚ, ಗುರೆಳ್ಳು 2 ದೊಡ್ಡ ಚಮಚ, ಮಸಾಲೆ ಖಾರ 3 ಟೀ ಚಮಚ. ತರಿತರಿಯಾಗಿರಲಿ, ನುಣ್ಣಗೆ ಮಾಡಿದರೆ ಎಣ್ಣೆ ಬಿಟ್ಟು ಉಂಡೆಯಾಗುತ್ತದೆ. ಯಾರಿಗಾದರೂ ಶೇಂಗಾ ಅಲರ್ಜಿ ಇದೆಯೇ ಎಂದು ಫೋನ್ ಮಾಡಿ ಕೇಳಿ, ಇದ್ದರೆ ಶೇಂಗಾ ಬಿಟ್ಟು ಎಳ್ಳು, ಗುರೆಳ್ಳು ಹೆಚ್ಚಿಸಿ. ಎತ್ತರಕ್ಕೆ ಹೋದಂತೆ ಪೊಟ್ಟಣಗಳು ಊದಿಕೊಳ್ಳುತ್ತವೆ, ಗಾಳಿ ತೆಗೆದು ಕಟ್ಟಿ.

ಅಲ್ಲಿ 600 ಗ್ರಾಂ ಬದನೆಕಾಯಿ ಕೊಳ್ಳಿ. ಸಣ್ಣವು ಸಿಗದಿದ್ದರೆ ದೊಡ್ಡದನ್ನು ಉದ್ದಕ್ಕೆ ಎಂಟು ಹೋಳು ಮಾಡಿ ಉಪ್ಪುನೀರಲ್ಲಿ ಹಾಕಿ. ತುಂಬುವ ಬದಲು ಮಸಾಲೆಯನ್ನು ಸವರಿದರೂ ನಡೆಯುತ್ತದೆ. ಮಸಾಲೆಗೆ 20 ಗ್ರಾಂ ಬೆಲ್ಲ, 20 ಗ್ರಾಂ ಹುಣಸೆಹಣ್ಣಿನ ಗಟ್ಟಿ ರಸ, 10 ಗ್ರಾಂ ಉಪ್ಪು ಕಲಸಿ. ಆರು ದೊಡ್ಡ ಚಮಚ ಎಣ್ಣೆಯಲ್ಲಿ ಬದನೆಯನ್ನು ಮೊದಲು ಎಲ್ಲ ಕಡೆ ಬಾಡಿಸಿ, ಆಮೇಲೆ ಒಂದು ಲೋಟ ಬಿಸಿನೀರು, ಮುಚ್ಚಳ, ಸಣ್ಣ ಉರಿ. ನಮ್ಮಲ್ಲಿ 20–25 ನಿಮಿಷಕ್ಕೆ ಆಗುವುದು ಅಲ್ಲಿ 35 ನಿಮಿಷ ಬೇಡುತ್ತದೆ. ಅಂಚಿನಲ್ಲಿ ಎಣ್ಣೆ ತೇಲಿದಾಗ ಆಯಿತು. ಜೊತೆಗೆ ಬೇಳೆ ಬೇಯಿಸುವುದಾದರೆ ಕುಕ್ಕರಿನಲ್ಲೇ ಬೇಯಿಸಿ. ಅದರೊಳಗೂ ಶಾಖ ನಮ್ಮೂರಿಗಿಂತ ಕೊಂಚ ಕಡಿಮೆ ಇರುವುದರಿಂದ ಎರಡು ಸೀಟಿ ಹೆಚ್ಚು ಕೂಗಿಸಿ.

ವಿಮಾನದಲ್ಲಿ ಹೋಗುವವರು ಮೊದಲ ಎರಡು ದಿನ ಏನೂ ಮಾಡದೆ ವಿಶ್ರಾಂತಿ ಪಡೆಯಬೇಕು. ಅಡುಗೆ ಮೂರನೆಯ ದಿನಕ್ಕೆ ಇಟ್ಟುಕೊಳ್ಳಿ, ಇದರಲ್ಲಿ ದಾಕ್ಷಿಣ್ಯ ಬೇಡ.

ಪ್ರಶ್ನೆ: ದುಬೈನ ಸ್ನೇಹಿತರಿಗೆ ಗಸಗಸೆ ಪಾಯಸ ಮಾಡಿಕೊಡಬೇಕು. ಗಸಗಸೆ, ಕೊಬ್ಬರಿ ಇಲ್ಲಿಂದ ಒಯ್ಯಬಹುದೇ?
– ಓದುಗರು, ಪುತ್ತೂರು

ಉತ್ತರ: ಗಸಗಸೆ ಯುಎಇಯಲ್ಲಿ ನಿಷಿದ್ಧ. ಸ್ವಲ್ಪವೇ ಇದ್ದರೂ ಪೊಲೀಸ್ ಪ್ರಕರಣವಾಗಬಹುದು. ಸಿಂಗಪುರ, ಸೌದಿ ಅರೇಬಿಯಾಕ್ಕೂ ಒಯ್ಯುವಂತಿಲ್ಲ. ಮನೆಯ ಬಿಸಿಬೇಳೆ ಪುಡಿ, ಕುರ್ಮಾ ಮಸಾಲೆಗಳಲ್ಲಿ ಗಸಗಸೆ ಸೇರಿರುವುದುಂಟು, ಅವನ್ನೂ ಬಿಡಿ. ದುಬೈನಲ್ಲಿ ವಿಮಾನ ಬದಲಿಸಿ ಮುಂದೆ ಹೋಗುವವರಿಗೂ ಇದೇ ಮಾತು. ಇಡೀ ಕೊಬ್ಬರಿ ಗಿಟುಕು ಬೇಗ ಬೆಂಕಿ ಹಿಡಿಯುವ ವಸ್ತುವೆಂದು ವಿಮಾನದಲ್ಲಿ ಬಿಡುವುದಿಲ್ಲ. ಪಾಯಸವೇ ಆಗಬೇಕೆಂದರೆ ಕಡಲೆಬೇಳೆ ಪಾಯಸ ಮಾಡಿ. ತೆಂಗಿನಕಾಯಿ, ಬೆಲ್ಲ ಎರಡೂ ದುಬೈನಲ್ಲೇ ಸಿಗುತ್ತವೆ.

ಪ್ರಶ್ನೆ: ಮೊದಲ ಸಲ ಹೋಗುವ ಮನೆ. ಅಡುಗೆಮನೆ ಬಳಸುವಾಗ ಅವರಿಗೆ ಬೇಸರವಾಗದಂತೆ ಏನೇನು ನೋಡಿಕೊಳ್ಳಬೇಕು?
– ಓದುಗರು, ತುಮಕೂರು

ಉತ್ತರ: ದಿನಸಿ ನಿಮ್ಮ ಖರ್ಚಿನಲ್ಲೇ ತನ್ನಿ. ಹೋದ ದಿನವೇ ಅಡುಗೆಮನೆಗೆ ನುಗ್ಗಬೇಡಿ. ಮೊದಲ ದಿನ ಅವರು ಮಾಡಿದ್ದನ್ನು ಉಣ್ಣಿ, ಉಪ್ಪು-ಖಾರ ಎಷ್ಟು ಹಿಡಿಸುತ್ತದೆ ಎಂಬುದೂ ಆಗಲೇ ಗೊತ್ತಾಗುತ್ತದೆ. ನಾನ್‌ಸ್ಟಿಕ್ ಪಾತ್ರೆಗೆ ಸ್ಟೀಲ್ ಸೌಟು ತಾಗಿಸಬೇಡಿ, ಮರದ್ದು ಕೇಳಿ. ಈರುಳ್ಳಿ ಹೆಚ್ಚುವ ಮಣೆ ಯಾವುದು, ಹಣ್ಣಿನದು ಯಾವುದು, ಮಾಂಸದ್ದು ಯಾವುದು ಎಂದು ಕೇಳಿ ತಿಳಿದುಕೊಳ್ಳಿ. ಸಸ್ಯಾಹಾರಿಗಳು ಈ ವಿಷಯವನ್ನು ಊಟದ ಹೊತ್ತಿಗೆ ಎತ್ತಿ ಮುಜುಗರ ಮಾಡುವ ಬದಲು ಹೊರಡುವ ಮೊದಲೇ ಹೇಳಿಬಿಡುವುದು ಮರ್ಯಾದೆ.

ಅರಿಶಿನದ ಬಗ್ಗೆ ವಿಶೇಷ ಎಚ್ಚರ ಇರಲಿ. ಬಿಳಿ ಕಲ್ಲಿನ ಕಟ್ಟೆ, ಸಿಲಿಕೋನ್ ಚಮಚ, ಪ್ಲಾಸ್ಟಿಕ್ ಡಬ್ಬಿ, ಬಿಳಿ ಒರೆಸುವ ಬಟ್ಟೆ ಇವೆಲ್ಲ ಬಣ್ಣ ಹೀರುತ್ತವೆ. ಅರಿಶಿನ ಬೆರೆತ ಎಣ್ಣೆ ಚೆಲ್ಲಿದರೆ ತಕ್ಷಣ ಕಾಗದದಿಂದ ಒತ್ತಿ ತೆಗೆದು ಸೋಪಿನ ನೀರಲ್ಲಿ ಒರೆಸಿ, ಉಜ್ಜಿದರೆ ಹರಡುತ್ತದೆ. ಬಟ್ಟೆ, ಚಮಚಗಳ ಕಲೆ ತೊಳೆದ ಮೇಲೂ ಉಳಿದರೆ ಒಂದೆರಡು ದಿನ ಬಿಸಿಲಿಗೆ ಇಡಿ, ಅರಿಶಿನದ ಬಣ್ಣ ಬೆಳಕಿಗೆ ತಾಳುವುದಿಲ್ಲ, ತಾನಾಗಿ ಮಾಸುತ್ತದೆ. ಮಿಕ್ಕ ತುಪ್ಪ, ಎಣ್ಣೆಯನ್ನು ಸಿಂಕಿಗೆ ಸುರಿಯಬೇಡಿ. ಕೊಳವೆಯಲ್ಲಿ ಹೆಪ್ಪುಗಟ್ಟಿ ಕಟ್ಟಿಕೊಳ್ಳುತ್ತದೆ. ಹಳೆಯ ಡಬ್ಬಿಗೆ ಹಾಕಿ ಕಸಕ್ಕೆ ಕೊಡಿ.

ಪಾತ್ರೆಗಳನ್ನು ಅಂದೇ ರಾತ್ರಿ ತೊಳೆದಿಡಿ. ನಿಮ್ಮಿಬ್ಬರಲ್ಲಿ ಒಬ್ಬರು ಬಡಿಸುತ್ತಿರುವಾಗ ಇನ್ನೊಬ್ಬರು ದೊಡ್ಡ ಪಾತ್ರೆಗೆ ಬಿಸಿನೀರು ಹಾಕಿ ನೆನೆಯಲು ಬಿಟ್ಟರೆ ಆಮೇಲೆ ತಿಕ್ಕುವ ಶ್ರಮ ಅರ್ಧವಾಗುತ್ತದೆ. ಮಿಕ್ಕ ಬಾತನ್ನು ತಳ ಅಗಲವಾದ ಡಬ್ಬಿಗೆ ಹರಡಿ, ಬೇಗ ಆರಿಸಿ, ಅಡುಗೆಯಾದ ಎರಡು ಗಂಟೆಯೊಳಗೆ ಫ್ರಿಜ್ಜಿನಲ್ಲಿಡಿ. ಮರುದಿನ ಬಿಸಿ ಮಾಡುವಾಗ ಡಬ್ಬಿಯ ಕಾಲು ಭಾಗದಷ್ಟು ಬಿಸಿನೀರು ಸೇರಿಸಬೇಕೆಂದು ಅವರಿಗೆ ಒಂದು ಚೀಟಿಯಲ್ಲಿ ಬರೆದಿಟ್ಟು ಬನ್ನಿ.